ಅಬ್ಬಾ ಸುಲಿದ ಬಳ್ಳೊಳ್ಳಿ

ನಮ್ಮ ಮನೆಯಲ್ಲಿ ಬೆಳ್ಳುಳ್ಳಿಗೆ ಒಂದೇ ಹೆಸರು ಇರಲಿಲ್ಲ. ಅಮ್ಮೀ 'ಲಸನ್' ಅನ್ನುತ್ತಿದ್ದರು. ಶಹಾಬಾದಿನ ಉರ್ದು ಶಾಲೆಯ ಪುಸ್ತಕದಲ್ಲಿ ಅದು 'ಲಹ್ಸುನ್' ಆಗಿತ್ತು. ಎದುರು ಮನೆಯ ಅವ್ವನಿಗೆ ಬಳ್ಳೊಳ್ಳಿ. ಚಿಂಚೋಳಿಯಲ್ಲಿದ್ದ ನಾನಿಯ ನೆರೆಹೊರೆಯಲ್ಲಿ ತೆಲುಗು ಮಾತಾಡುವವರೇ ಹೆಚ್ಚಾಗಿದ್ದುದರಿಂದ ಅವರ ಬಾಯಲ್ಲಿ ಆಗಾಗ 'ಎಲ್ಲಿಗಡ್ಡ' ಎಂದು ಬಂದುಬಿಡುತ್ತಿತ್ತು. ಹೈಸ್ಕೂಲಿಗೆ ನಾವು ಕನ್ನಡ ಮಾಧ್ಯಮಕ್ಕೆ ಬಂದಾಗ ಮಾಸ್ತರರು ಶಬ್ದವನ್ನು ಬಿಡಿಸಿ ತೋರಿಸಿದರು: ಬೆಳ್ ಎಂದರೆ ಬಿಳಿ, ಉಳ್ಳಿ ಎಂದರೆ ನಮ್ಮ ಉಳ್ಳಾಗಡ್ಡಿಯ ಉಳ್ಳಿ. ಅಲ್ಲಿಗೆ ಬೆಳ್ಳುಳ್ಳಿ ಎಂದರೆ ಬಿಳಿಯ ಉಳ್ಳಾಗಡ್ಡಿ. ನಮಗೆ ಅದಕ್ಕಿಂತ ಹೆಚ್ಚು ಅಚ್ಚರಿ ಹುಟ್ಟಿಸಿದ್ದು ಬಹಳ ವರ್ಷಗಳ ನಂತರ ತಿಳಿದ ಇನ್ನೊಂದು ಸಂಗತಿ. ಉರ್ದುವಿನ ಲಹ್ಸುನ್ ಸಂಸ್ಕೃತದ ಲಶುನದಿಂದ ಇಳಿದು ಬಂದ ಮಾತು. ಮುಸಲ್ಮಾನರ ಮನೆಯ ಶಬ್ದವೆಂದು ನಾವು ಸಂಕೋಚಪಡುತ್ತಿದ್ದುದು ಸಂಸ್ಕೃತದ ಮೊಮ್ಮಗು. ಶಾಲೆಯ ಶುದ್ಧ ಶಬ್ದವೆಂದು ಕಲಿತದ್ದು ಹೊಲದವರ ಬಾಯಿಯ ಅಚ್ಚಗನ್ನಡ.

ನಮ್ಮ ನೆಂಟಸ್ತಿಕೆಯೆಲ್ಲ ರೈಲಿನ ಹಾದಿಯ ಗುಂಟ ಹರಡಿಕೊಂಡಿದೆ. ನಾವು ಮೂವರು ಅಕ್ಕತಂಗಿಯರು ಹುಟ್ಟಿದ್ದು ಶಹಾಬಾದಿನಲ್ಲಿ. ಅಬ್ಬಾ ಅಲ್ಲಿ ಫರಸಿ ಕಲ್ಲಿನ ಖಣಿಯಲ್ಲಿ ಮುನ್ಷಿಯಾಗಿದ್ದರು. ಮುಂದಿನ ದೊಡ್ಡ ನಿಲ್ದಾಣ ವಾಡಿಯಲ್ಲಿ ಮಾಮೂ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ಕಾಲದಲ್ಲಿ ಹಾಕಿದ ಹಳಿಯ ಮೇಲೆ ಹೋದರೆ ಚಿತ್ತಾಪುರದಲ್ಲಿ ಖಾಲಾ, ಸೇಡಂನಲ್ಲಿ ನಮ್ಮ ಆಪಾ ಕೊಟ್ಟ ಮನೆ. ಚಿಂಚೋಳಿಗೆ ಮಾತ್ರ ರೈಲಿಲ್ಲ, ಸೇಡಂನಲ್ಲಿ ಇಳಿದು ಬಸ್ಸು ಹತ್ತಬೇಕು. ಈ ಹಾದಿಯಲ್ಲಿ ಯಾರ ಮನೆಗೆ ಹೋಗುವಾಗಲೂ ಅಮ್ಮೀ ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟುತ್ತಿದ್ದರು. ಡಬ್ಬಿಯ ಮುಚ್ಚಳ ಎಷ್ಟೇ ಬಿಗಿ ಮಾಡಿದರೂ ಪ್ರಯೋಜನವಿರಲಿಲ್ಲ. ಶಹಾಬಾದ್ ದಾಟುವುದರೊಳಗೆ ಪಕ್ಕದಲ್ಲಿ ಕುಳಿತವರು "ಬುತ್ತಿ ಬಿಚ್ಚರಿ ಬಾಯಿ, ವಾಸನಿ ಬಡೀಲಾಕತ್ತದ" ಅನ್ನುತ್ತಿದ್ದರು.

ಹಿಂಡಿ ಎಂದರೆ ನಮ್ಮ ಕಡೆ ಪುಡಿ ಚಟ್ನಿ. ಹುರಿದ ಶೇಂಗಾ, ಕೆಂಪು ಖಾರ, ಜೀರಗಿ, ಉಪ್ಪು, ಕೊನೆಗೆ ಬಳ್ಳೊಳ್ಳಿ. ಸಿಪ್ಪೆ ತೆಗೆಯುವ ಗೋಜಿಲ್ಲ. ಒಳಕಲ್ಲಿನಲ್ಲಿ ಕುಟ್ಟಿದರೆ ಶೇಂಗಾದ ಎಣ್ಣೆ ಬಿಟ್ಟು, ಬಳ್ಳೊಳ್ಳಿಯ ರಸ ಅದಕ್ಕೆ ಅಂಟಿ, ಹಿಂಡಿ ಮುದ್ದೆಯಾಗುತ್ತದೆ. ಮಿಕ್ಸಿಯಲ್ಲಿ ತಿರುವಿದರೆ ಪುಡಿಯಾಗುತ್ತದೆ ಅಷ್ಟೆ. ಇದನ್ನು ನಾವು ವಾದಕ್ಕಾಗಿ ಹೇಳುತ್ತಿಲ್ಲ, ಬೇಕಾದವರು ಎರಡನ್ನೂ ಮಾಡಿ ಕಟಿ ರೊಟ್ಟಿಯ ಜೊತೆ ತಿಂದು ನೋಡಬಹುದು. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಇವೆಲ್ಲ ಇದರ ಅಕ್ಕತಂಗಿಯರೇ. ಬಡವರ ಮನೆಯಲ್ಲಿ ಇವು ಯಾವುದೂ ಇಲ್ಲದ ದಿನ ಕೆಂಪು ಖಾರಕ್ಕೆ ನಾಲ್ಕು ಎಸಳು ಬಳ್ಳೊಳ್ಳಿ ಜಜ್ಜಿ, ಮೇಲೊಂದಿಷ್ಟು ಹಸಿ ಎಣ್ಣೆ ಬಿಟ್ಟರೆ ಊಟ ಮುಗಿಯುತ್ತಿತ್ತು. ಖಣಿಯ ಕೆಲಸಗಾರರ ಬುತ್ತಿಯಲ್ಲಿ ಹೆಚ್ಚಾಗಿ ಇರುತ್ತಿದ್ದುದು ಅದೇ.

ಎದುರು ಮನೆಯ ಅವ್ವ ಲಿಂಗಾಯತರು. ಅವರ ಮನೆಯ ಪುಂಡಿಪಲ್ಯೆ ನಮ್ಮ ಮನೆಗೆ ಬರುತ್ತಿತ್ತು. ಪುಂಡಿ ಸೊಪ್ಪು, ಜೋಳದ ನುಚ್ಚು, ಬ್ಯಾಳಿ, ಹಸಿಮೆಣಸಿನಕಾಯಿ ಎಲ್ಲ ಕುದಿಸಿ ತಿರುವಿ, ಮೇಲೆ ಶೇಂಗಾ ಎಣ್ಣೆಯಲ್ಲಿ ಕೆಂಪಗೆ ಹುರಿದ ಬಳ್ಳೊಳ್ಳಿಯ ಒಗ್ಗರಣೆ. ಅದೇ ಪುಂಡಿಗೆ ನಮ್ಮಲ್ಲಿ ಅಂಬಾಡಾ ಎಂದು ಹೆಸರು. ಅಮ್ಮೀ ಅದನ್ನು ಗೋಷ್ಟಿನ ಜೊತೆ ಮಾಡುತ್ತಿದ್ದರು. ಆ ಪಾತೇಲಿ ಎದುರು ಮನೆಗೆ ಹೋಗುತ್ತಿರಲಿಲ್ಲ. ಆದರೆ ಅಮ್ಮೀ ಮಾಡುವ ಖಟ್ಟೀ ದಾಲ್ ಹೋಗುತ್ತಿತ್ತು. ತೊಗರಿಬ್ಯಾಳಿ ಬೇಯಿಸಿ ಹುಣಸೆಹುಳಿ ಹಿಂಡಿ, ಜೀರಗಿ, ಒಣಮೆಣಸಿನಕಾಯಿ, ಕರಿಬೇವು, ಆರೆಂಟು ಎಸಳು ಬಳ್ಳೊಳ್ಳಿಯ ಬಘಾರ್ ಕೊಟ್ಟ ಕೂಡಲೇ ಮುಚ್ಚಳ ಮುಚ್ಚಬೇಕು. 'ಛೊಂಯ್' ಎನ್ನುವ ಆ ಸಪ್ಪಳ ಕೇಳಿದರೆ ಎದುರು ಮನೆಯ ಅವ್ವ ಅಂಗಳದಿಂದಲೇ "ಬೀ, ನಮ್ಮ ಪಾಲಿಂದು ಇಡವಾ" ಎಂದು ಕೂಗುತ್ತಿದ್ದರು. ಕಲಬುರಗಿ ತೊಗರಿಬ್ಯಾಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದೇ ವರ್ಷ ತಮಿಳುನಾಡಿನ ಕೊಡೈಕನಾಲ್ ಬೆಟ್ಟದ ಬೆಳ್ಳುಳ್ಳಿಗೂ ಸಿಕ್ಕಿತು. ನಮ್ಮ ಪಾತೇಲಿಯಲ್ಲಿ ಬ್ಯಾಳಿ ಮತ್ತು ಬಳ್ಳೊಳ್ಳಿ ಕೂಡಿದ್ದನ್ನು ಯಾರೋ ಕಾಗದದ ಮೇಲೂ ಕೂಡಿಸಿದಂತೆ ನಮಗೆ ಖುಷಿಯಾಗಿತ್ತು.

ಬಳ್ಳೊಳ್ಳಿಯ ವಾಸನೆ ಎಲ್ಲರಿಗೂ ಹಿಡಿಸುವುದಿಲ್ಲ ಎಂಬುದು ನಮಗೆ ಮೊದಲು ತಿಳಿದದ್ದು ಶಾಲೆಯಲ್ಲಿ. ಹೊರಗಿನಿಂದ ಹೊಸದಾಗಿ ಬಂದ ಮಾಸ್ತರರೊಬ್ಬರು ಮೂಗು ಮುಚ್ಚಿಕೊಂಡು, ಬೆಳ್ಳುಳ್ಳಿ ತಿಂದು ಬಂದವರೆಲ್ಲ ಹಿಂದಿನ ಬೆಂಚಿಗೆ ಹೋಗಿ ಎಂದರು. ಅವರ ಕಣ್ಣು ನಮ್ಮಂಥ ಕೆಲವರ ಮೇಲಿತ್ತು. ಆದರೆ ಎಲ್ಲ ಜಾತಿಯ ಮಕ್ಕಳೂ ಎದ್ದು ಹಿಂದಕ್ಕೆ ನಡೆದರು. ಮುಂದಿನ ಬೆಂಚಿನಲ್ಲಿ ಉಳಿದವರು ಇಬ್ಬರೇ. ನಮ್ಮ ಸೀಮೆಯಲ್ಲಿ ಬಳ್ಳೊಳ್ಳಿ ಯಾರೋ ಕೆಲವರ ಸ್ವತ್ತಲ್ಲ ಎಂದು ಮಾಸ್ತರರಿಗೆ ಅವತ್ತು ಗೊತ್ತಾಗಿರಬೇಕು. ಮುಂದೆ ನಗರದಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಮಾಲೀಕರು ನಮ್ಮ ಹೆಸರು ಕೇಳುವ ಬದಲು "ಬೆಳ್ಳುಳ್ಳಿ, ಈರುಳ್ಳಿ ತಿಂತೀರಾ?" ಎಂದು ಕೇಳಿದರು. ಅವರು ಕೇಳಿದ್ದು ಬೆಳ್ಳುಳ್ಳಿಯ ಬಗ್ಗೆ ಅಲ್ಲ ಎಂದು ನಮಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹಾಗೆಂದು ವಾಸನೆಯ ಮರ್ಯಾದೆ ನಮಗೆ ತಿಳಿಯದ್ದೇನಲ್ಲ. ಹಸಿ ಬೆಳ್ಳುಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದೆಂದು ಪ್ರವಾದಿಯವರು (ಸ) ಹೇಳಿದ್ದು ಬುಖಾರಿ, ಮುಸ್ಲಿಂ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಮದೀನಾದಲ್ಲಿ ಆತಿಥ್ಯ ನೀಡಿದ್ದ ಅಬೂ ಅಯ್ಯೂಬ್ ಅನ್ಸಾರಿಯವರು ಕಳಿಸಿದ ಊಟದಲ್ಲಿ ಬೆಳ್ಳುಳ್ಳಿ ಇದ್ದಾಗ ಪ್ರವಾದಿಯವರು ಅದನ್ನು ಮುಟ್ಟಲಿಲ್ಲ. ಇದು ನಿಷಿದ್ಧವೇ ಎಂದು ಅವರು ಗಾಬರಿಯಿಂದ ಕೇಳಿದರೆ, ಅಲ್ಲ, ವಾಸನೆ ನನಗೆ ಹಿಡಿಸದು ಅಷ್ಟೆ ಎಂಬ ಉತ್ತರ ಬಂತು. ತಿನ್ನಲೇಬೇಕೆಂದಿದ್ದರೆ ಬೇಯಿಸಿ ವಾಸನೆ ಸಾಯಿಸಿ ಎಂದವರು ಖಲೀಫಾ ಉಮರ್. ಹೀಗಾಗಿ ನಮ್ಮ ಮನೆಯಲ್ಲಿ ಶುಕ್ರವಾರ ಮಧ್ಯಾಹ್ನ ಅಬ್ಬಾರ ತಟ್ಟೆಗೆ ಹಿಂಡಿ ಬರುತ್ತಿರಲಿಲ್ಲ, ಖಟ್ಟೀ ದಾಲ್ ಬರುತ್ತಿತ್ತು. ಚಿತ್ತಾಪುರ ಮತ್ತು ಸೇಡಂ ನಡುವೆ ಕಾಗಿಣಾ ದಂಡೆಯ ಮಳಖೇಡದಲ್ಲಿ ಜೈನ ಬಸದಿಯೂ ಇದೆ, ಉತ್ತರಾದಿ ಮಠವೂ ಇದೆ. ಎರಡೂ ಕಡೆಯ ಅಡುಗೆಗೆ ಬೆಳ್ಳುಳ್ಳಿ ಬೀಳುವುದಿಲ್ಲ. ತಮಗೆ ಒಗ್ಗದ್ದನ್ನು ತಾವು ಬಿಡುವುದು ಬೇರೆ, ತಿಂದವರನ್ನು ಹಿಂದಿನ ಬೆಂಚಿಗೆ ಕಳಿಸುವುದು ಬೇರೆ.

ಇನ್ನು ಔಷಧಿಯ ಮಾತು. ಅಮ್ಮೀಯ ದವಾಖಾನೆ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಬಳ್ಳೊಳ್ಳಿಯ ಗೊಂಚಲಿನಲ್ಲಿತ್ತು. ನೆಗಡಿಗೆ ಹಾಲಿನಲ್ಲಿ ಕುದಿಸಿದ ನಾಲ್ಕು ಎಸಳು. ಕಿವಿನೋವಿಗೆ ಎಣ್ಣೆಯಲ್ಲಿ ಕಾಯಿಸಿ ಆರಿಸಿ ಎರಡು ಹನಿ. ಹೊಟ್ಟೆ ಉಬ್ಬರಕ್ಕೆ ಕೆಂಡದಲ್ಲಿ ಸುಟ್ಟ ಇಡೀ ಗಡ್ಡಿ. ಹಸುಗೂಸು ಇರುವ ಕೋಣೆಗೆ ಬಳ್ಳೊಳ್ಳಿ ಸಿಪ್ಪೆ ಮತ್ತು ಅಜವಾನದ ಹೊಗೆ. ಬಾಣಂತಿಗೆ ತುಪ್ಪದಲ್ಲಿ ಹುರಿದ ಬಳ್ಳೊಳ್ಳಿ, ಮೆಣಸು, ಬಿಸಿ ರೊಟ್ಟಿ. ಹಾಲು ಚೆನ್ನಾಗಿ ಇಳಿಯುತ್ತದೆ, ಮಗು ಚೆನ್ನಾಗಿ ಕುಡಿಯುತ್ತದೆ ಎಂಬ ನಂಬಿಕೆ. ಈ ಕೊನೆಯದರ ಬಗ್ಗೆ 1991ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ತಾಯಿ ಬೆಳ್ಳುಳ್ಳಿ ತಿಂದರೆ ಎದೆಹಾಲಿಗೆ ಅದರ ವಾಸನೆ ಬರುತ್ತದೆ, ಆಗ ಮಗು ಮೊಲೆಯನ್ನು ಹೆಚ್ಚು ಹೊತ್ತು ಬಿಡುವುದಿಲ್ಲ ಎಂದು ಅವರು ಕಂಡುಕೊಂಡರು. ನಮ್ಮ ಸೀಮೆಯ ಮಕ್ಕಳು ಹಿಂಡಿಯ ರುಚಿಯನ್ನು ಹಲ್ಲು ಬರುವ ಮೊದಲೇ ಕಲಿಯುತ್ತಾರೆ ಎಂದಾಯಿತು.

ಎಲ್ಲವೂ ಹೀಗೆ ಸರಿ ಹೋಗಲಿಲ್ಲ. ಚಿಂಚೋಳಿಯ ನಾನಿ ಮೊಣಕಾಲು ನೋವಿಗೆ ಹಸಿ ಬಳ್ಳೊಳ್ಳಿ ಅರೆದು ಬಟ್ಟೆಯಲ್ಲಿ ಕಟ್ಟಿಕೊಂಡು ರಾತ್ರಿಯಿಡೀ ಮಲಗಿ, ಬೆಳಿಗ್ಗೆ ಬಿಚ್ಚಿದರೆ ಅಂಗೈಯಗಲದ ಬೊಕ್ಕೆ ಎದ್ದಿತ್ತು. ಬೆಂಕಿಯಲ್ಲಿ ಸುಟ್ಟ ಗಾಯದಷ್ಟೇ ದಿನ ತೆಗೆದುಕೊಂಡಿತು. ಹಸಿ ಬೆಳ್ಳುಳ್ಳಿ ಚರ್ಮವನ್ನು ನಿಜವಾಗಿ ಸುಡುತ್ತದೆ, ಮಕ್ಕಳ ಚರ್ಮವನ್ನಂತೂ ಬೇಗ. ಶಹಾಬಾದಿನ ಖಣಿಗಳಲ್ಲಿ ಫರಸಿ ಎತ್ತಿದರೆ ಕೆಳಗೆ ಚೇಳು. ಕುಟುಕಿದ ಜಾಗಕ್ಕೆ ಬಳ್ಳೊಳ್ಳಿ ತಿಕ್ಕುವುದು ಅಲ್ಲಿಯ ಮೊದಲ ಚಿಕಿತ್ಸೆ. ಕಪ್ಪು ಚೇಳಾದರೆ ಉರಿ ತಾನಾಗಿ ಇಳಿಯುತ್ತಿತ್ತು, ಹೆಸರು ಬಳ್ಳೊಳ್ಳಿಗೆ ಬರುತ್ತಿತ್ತು. ಕೆಂಪು ಚೇಳಿನ ವಿಷ ಹೃದಯಕ್ಕೆ ತಟ್ಟುವಂಥದ್ದು. ಅದಕ್ಕೆ ಪ್ರಾಝೋಸಿನ್ ಎಂಬ ಗುಳಿಗೆ ಜೀವ ಉಳಿಸುತ್ತದೆಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತರಾವ್ ಬಾವಸ್ಕರ್. ಅಬ್ಬಾ ಈ ವಿಷಯದಲ್ಲಿ ಗಟ್ಟಿ ಮನುಷ್ಯ. ಚೇಳು ಕುಟುಕಿದವನನ್ನು ಬಳ್ಳೊಳ್ಳಿ ತಿಕ್ಕಲು ಬಿಡದೆ ಸಿಕ್ಕ ಟ್ರಕ್ಕಿಗೆ ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಬೇರೆಯವರ ಮಕ್ಕಳ ವಿಷಯದಲ್ಲಿ ಅಷ್ಟು ತಿಳಿವಳಿಕೆಯಿದ್ದ ಮನುಷ್ಯ ತಮ್ಮ ವಿಷಯದಲ್ಲಿ ನಮ್ಮ ಮಾತು ಕೇಳಿದರು. ಅದನ್ನು ಬರೆಯಲೆಂದೇ ಇಷ್ಟು ಸುತ್ತು ಬಂದೆವು.

2006ರಲ್ಲಿ ಅಬ್ಬಾರಿಗೆ ಐವತ್ತಾರು. ತಲೆ ಸುತ್ತುತ್ತದೆಂದು ತೋರಿಸಿದಾಗ ಬಿಪಿ ವಿಪರೀತ ಇದೆ ಎಂದು ಗುಳಿಗೆ ಬರೆದುಕೊಟ್ಟಿದ್ದರು. "ಒಂದು ಸಲ ಶುರು ಮಾಡಿದರೆ ಸಾಯೋತನಕ ನುಂಗಬೇಕು" ಎಂಬ ಹೆದರಿಕೆ ನಮ್ಮಲ್ಲಿ ಎಲ್ಲರಿಗೂ ಇತ್ತು. ತಿಂಗಳ ಖರ್ಚಿನ ಲೆಕ್ಕವೂ ಇತ್ತು. ಅದೇ ಹೊತ್ತಿಗೆ ಒಂದು ಉರ್ದು ಪತ್ರಿಕೆಯ ಮನೆಮದ್ದಿನ ಅಂಕಣದಲ್ಲಿ, ದಿನಾ ಫಜ್ರ್ ನಮಾಝಿನ ಮೊದಲು ಬರಿಹೊಟ್ಟೆಯಲ್ಲಿ ಎರಡು ಎಸಳು ಹಸಿ ಲಹ್ಸುನ್ ನುಂಗಿದರೆ ಬಿಪಿ, ಕೊಲೆಸ್ಟರಾಲ್ ಎರಡೂ ಬೇರುಸಹಿತ ಹೋಗುತ್ತವೆ ಎಂದು ಬಂತು. ಅದನ್ನು ಮನೆಯವರಿಗೆಲ್ಲ ಓದಿ ಹೇಳಿದವರು ನಾವು. ಕತ್ತರಿಸಿ ಅಲಮಾರಿನ ಬಾಗಿಲ ಒಳಗೆ ಅಂಟಿಸಿದವರು ನಾವು. ಕತೆ ಬರೆಯುವವರು, ಎರಡು ಭಾಷೆ ಓದಿದವರು. ನಮ್ಮ ಮಾತಿಗೆ ಮನೆಯಲ್ಲಿ ತೂಕವಿತ್ತು. ಹಸಿಯದನ್ನು ತಿಂದು ಮಸೀದಿಗೆ ಹೇಗೆ ಹೋಗುವುದೆಂದು ಅಬ್ಬಾ ಅನುಮಾನಿಸಿದಾಗ, ಅಗಿಯದೆ ತುಂಡು ಮಾಡಿ ನೀರಿನ ಜೊತೆ ನುಂಗಿ ಎಂದು ಉಪಾಯ ಹೇಳಿದವರೂ ನಾವೇ. ಗುಳಿಗೆಯ ಪಟ್ಟಿ ಮೊದಲು ದಿನ ಬಿಟ್ಟು ದಿನವಾಯಿತು, ಆಮೇಲೆ ನಿಂತಿತು. ನಾಲ್ಕು ತಿಂಗಳು ತಲೆಸುತ್ತು ಬರಲಿಲ್ಲ. ಬಿಪಿ ಸದ್ದಿಲ್ಲದೆ ಏರುವ ರೋಗ, ತಲೆಸುತ್ತು ಇಲ್ಲ ಎಂದರೆ ರೋಗ ಇಲ್ಲ ಎಂದಲ್ಲ ಎಂದು ಆಗ ನಮಗೆ ತಿಳಿದಿರಲಿಲ್ಲ.

ಒಂದು ಬೆಳಗಿನ ಜಾವ ವಝೂ ಮಾಡುವಾಗ ಅಬ್ಬಾರ ಎಡಗೈಯಿಂದ ಲೋಟಾ ಫರಸಿಯ ಮೇಲೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಏಳಲಿಲ್ಲ. ಅಮ್ಮೀ ಫಾಲಿಜ್ ಎಂದು ಚೀರಿದರು, ಎದುರು ಮನೆಯ ಅವ್ವ ಲಕ್ವಾ ಹೊಡೀತೆಂದು ಓಡಿ ಬಂದರು. ಅವರ ಮಗನೇ ಜೀಪು ತಂದು ಕಲಬುರಗಿಗೆ ಕರೆದೊಯ್ದ. ಅಲ್ಲಿಯ ಡಾಕ್ಟರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗುಳಗಿ ಯಾವಾಗಿಂದ ಬಿಟ್ಟಾರ?" ಎಂದು ಕೇಳಿದರು. ಬಳ್ಳೊಳ್ಳಿಯ ಸಂಗತಿ ಹೇಳಿದೆವು. "ಬಳ್ಳೊಳ್ಳಿ ತಿನ್ನಸ್ರಿ, ಯಾರ್ ಬ್ಯಾಡ ಅಂದಾರ? ಗುಳಗಿ ಯಾಕ ಬಿಡಿಸಿದ್ರಿ?" ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ಆಮೇಲೆ ನಾವು ಸಿಕ್ಕಿದ್ದನ್ನೆಲ್ಲ ಓದಿದೆವು. ಬೆಳ್ಳುಳ್ಳಿಯ ಹಿರಿಮೆ ಸುಳ್ಳಲ್ಲ. 1890ರಲ್ಲಿ ಮಧ್ಯ ಏಷ್ಯಾದ ಕುಚಾದಲ್ಲಿ ಬೋವರ್ ಎಂಬ ಸೇನಾಧಿಕಾರಿಗೆ ಸಿಕ್ಕ ಸಂಸ್ಕೃತ ಹಸ್ತಪ್ರತಿ ಶುರುವಾಗುವುದೇ ಲಶುನದ ಗುಣಗಾನದಿಂದ. ಬ್ರಾಹ್ಮಣರು ಅದನ್ನು ತಿನ್ನಬಾರದು ಎನ್ನುವ ಆ ಪ್ರತಿಯೇ ಒಂದು ಉಪಾಯವನ್ನೂ ಹೇಳುತ್ತದೆ: ಹಸುವಿಗೆ ಹುಲ್ಲಿನ ಜೊತೆ ಬೆಳ್ಳುಳ್ಳಿಯ ದಂಟು ತಿನ್ನಿಸಿ, ಅದರ ಹಾಲು ಮೊಸರು ತುಪ್ಪ ಸೇವಿಸಬಹುದು. ಅಗಿಯದೆ ನುಂಗಿ ಎಂದ ನಮ್ಮ ಉಪಾಯ ನೆನಪಾಗಿ, ಆ ಸ್ಥಿತಿಯಲ್ಲೂ ನಮಗೆ ನಗು ಬಂತು. ಇನ್ನು ಘಾಟಿನ ಗುಟ್ಟು. ಇಡೀ ಎಸಳಿಗೆ ಅಷ್ಟು ಘಾಟಿಲ್ಲ. ಅದರೊಳಗೆ ಅಲಿಯಿನ್ ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಕುಳಿತಿರುತ್ತವೆ. ಜಜ್ಜಿದಾಗ ಎರಡೂ ಕೂಡಿ ಅಲಿಸಿನ್ ಹುಟ್ಟುತ್ತದೆ. ರೋಗಾಣುಗಳನ್ನು ಕೊಲ್ಲುವ ಈ ವಸ್ತುವನ್ನು 1944ರಲ್ಲಿ ಅಮೆರಿಕದ ಕವಲಿಟೊ ಮತ್ತು ಬೈಲಿ ಬೇರ್ಪಡಿಸಿದರು. ಜಜ್ಜುವ ಮೊದಲೇ ಬಿಸಿ ಎಣ್ಣೆಗೆ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ. ಜಜ್ಜಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಒಂದಿಷ್ಟು ಗುಣ ಉಳಿಯುತ್ತದೆ. ಅಮ್ಮೀ ಬ್ಯಾಳಿ ಕುದಿಯುವ ಮೊದಲೇ ಬಳ್ಳೊಳ್ಳಿ ಜಜ್ಜಿ ಕಲ್ಲಿನ ಮೇಲೆ ಬಿಡುತ್ತಿದ್ದುದು ಬರೀ ಕೆಲಸದ ಅನುಕೂಲಕ್ಕೆ.

ಆದರೆ ಪ್ರಯೋಗಶಾಲೆಯ ತಟ್ಟೆಯಲ್ಲಿ ರೋಗಾಣು ಸಾಯುವುದು ಒಂದು, ಮನುಷ್ಯನ ನರದಲ್ಲಿ ಒತ್ತಡ ಇಳಿಯುವುದು ಇನ್ನೊಂದು. ಅಬ್ಬಾ ಹಾಸಿಗೆ ಹಿಡಿದ ಮರುವರ್ಷವೇ, 2007ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 192 ಜನರ ಮೇಲೆ ಆರು ತಿಂಗಳು ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು. ಹಸಿ ಬೆಳ್ಳುಳ್ಳಿಯಾಗಲಿ ಅದರ ಮಾತ್ರೆಗಳಾಗಲಿ ಕೆಟ್ಟ ಕೊಲೆಸ್ಟರಾಲನ್ನು ಇಳಿಸಲಿಲ್ಲ. ಬಿಪಿ ಇದ್ದವರಲ್ಲಿ ಬೆಳ್ಳುಳ್ಳಿಯ ಮಾತ್ರೆಗಳು ಒಂದಿಷ್ಟು ಇಳಿಕೆ ತರುತ್ತವೆಂದು ಬೇರೆ ಪರೀಕ್ಷೆಗಳು ಹೇಳುತ್ತವೆ. ಅದು ಕೆಲವೇ ಅಂಕಿಗಳ ಇಳಿಕೆ. ಅಬ್ಬಾರಂಥವರ ಗುಳಿಗೆ ಬಿಡಿಸುವಷ್ಟಲ್ಲ. ಇನ್ನೊಂದು ಮಾತನ್ನು ಆ ಅಂಕಣ ಹೇಳಿರಲಿಲ್ಲ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಶಸ್ತ್ರಚಿಕಿತ್ಸೆಗೆ ಹೋಗುವವರು ಬೆಳ್ಳುಳ್ಳಿಯನ್ನು ಔಷಧಿಯ ಪ್ರಮಾಣದಲ್ಲಿ ತಿನ್ನುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ರಕ್ತ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ. ಅಡುಗೆಯಲ್ಲಿ ಬೀಳುವಷ್ಟಕ್ಕೆ ಹೆದರಬೇಕಿಲ್ಲ.

ಅಬ್ಬಾ ಬದುಕಿದರು. ಎಡಗೈ ಮಾತ್ರ ತಿರುಗಿ ಬರಲಿಲ್ಲ. ಖಣಿಯ ಲೆಕ್ಕ ಬರೆಯುತ್ತಿದ್ದ ಮನುಷ್ಯ ಮನೆಯಲ್ಲಿ ಸುಮ್ಮನೆ ಕುಳಿತು ದಿನದಿನಕ್ಕೆ ಮೌನಿಯಾದಾಗ, ಅಮ್ಮೀ ಒಂದು ಮೊರ ಬಳ್ಳೊಳ್ಳಿ ತಂದು ಮುಂದಿಟ್ಟರು. ನಮಗೆ ಅದು ಕ್ರೌರ್ಯವೆನಿಸಿತು. ಅಬ್ಬಾ ನಮ್ಮ ಮುಖ ನೋಡಿ, "ಇದರ ತಪ್ಪೇನು ಮಗಳೇ?" ಎಂದರು. ಗಡ್ಡಿಯನ್ನು ಎಡ ಮುಂಗೈಯ ಭಾರದಡಿ ಇಟ್ಟು, ಬಲಗೈ ಹೆಬ್ಬೆರಳ ಉಗುರಿನಿಂದ ಸಿಪ್ಪೆ ಬಿಡಿಸುವುದನ್ನು ಕಲಿತರು. ಮೊದಲು ಒಂದು ಗಡ್ಡಿಗೆ ಅರ್ಧ ತಾಸು ಹಿಡಿಯುತ್ತಿತ್ತು. ವರ್ಷ ಕಳೆಯುವುದರೊಳಗೆ ನಮ್ಮ ಮನೆಗೂ ಎದುರು ಮನೆಗೂ ಸುಲಿದು ಕೊಡುತ್ತಿದ್ದರು. ಸೇಡಂನ ಆಪಾಳ ಮನೆಯ ಮದುವೆಗೆ ಎರಡು ಸೇರು ಸುಲಿದು ಕಳಿಸಿದ್ದನ್ನು ಬಂದವರಿಗೆಲ್ಲ ಹೇಳಿಕೊಂಡರು. 2015ರಲ್ಲಿ ತೀರಿಕೊಳ್ಳುವ ತನಕ ಗುಳಿಗೆ ತಪ್ಪಿಸಲಿಲ್ಲ. ಅಲಮಾರಿನ ಬಾಗಿಲ ಮೇಲಿನ ಕಾಗದವನ್ನು ಹರಿಯಲೂ ಬಿಡಲಿಲ್ಲ. "ಇರಲಿ, ನೋಡಿದಾಗ ಗುಳಗಿ ನೆನಪಾಗ್ತದ" ಅನ್ನುತ್ತಿದ್ದರು.

2020ರ ಮಾರ್ಚಿನಲ್ಲಿ ಕೊರೊನಾದಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಸೌದಿಯಿಂದ ಬಂದಿದ್ದ 76 ವರ್ಷದ ಹಿರಿಯರು. ಆ ವಾರ ವಾಡಿಯ ಮಾಮೂನಿಂದ, ಚಿತ್ತಾಪುರದ ಖಾಲಾನಿಂದ, ಚಿಂಚೋಳಿಯ ಸೋದರ ಬಂಧುಗಳಿಂದ ಒಂದೇ ಸಂದೇಶ ನಮ್ಮ ಫೋನಿಗೆ ಬಂತು. ಎಂಟು ಎಸಳು ಬೆಳ್ಳುಳ್ಳಿ ಕುದಿಸಿ ಕುಡಿದರೆ ಕೊರೊನಾ ಬರುವುದಿಲ್ಲ, ಎಲ್ಲರಿಗೂ ಕಳಿಸಿ. ಉರ್ದುವಿನಲ್ಲೂ ಬಂತು, ಕನ್ನಡದಲ್ಲೂ ಬಂತು. ಅಲಮಾರಿನ ಬಾಗಿಲು ನಮ್ಮ ಕಣ್ಣ ಮುಂದೆ ನಿಂತಿತು. ಬೆಳ್ಳುಳ್ಳಿ ಒಳ್ಳೆಯ ಆಹಾರ, ಆದರೆ ಅದು ಈ ಸೋಂಕಿನಿಂದ ರಕ್ಷಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಅದನ್ನು ಎರಡೂ ಭಾಷೆಯಲ್ಲಿ ಬರೆದು ಒಬ್ಬೊಬ್ಬರಿಗೇ ಕಳಿಸಿದೆವು. ಮಾಮೂ ಕೋಪಿಸಿಕೊಂಡರು: "ನಾಲ್ಕು ಅಕ್ಷರ ಕಲಿತ ಕೂಡಲೇ ಹಿರಿಯರ ನುಸ್ಖಾ ಸುಳ್ಳಾಯಿತೇ?" ನಾವು ಅಬ್ಬಾರ ಹೆಸರು ಹೇಳಿದೆವು. ಮಾಮೂ ಫೋನಿನ ಆ ಕಡೆ ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ಕುದಿಸಿಟ್ಟ ನೀರನ್ನು ಸಾರಿಗೆ ಹಾಕಿಸುತ್ತೇನೆ ಎಂದರು.

2024ರ ಆರಂಭದಲ್ಲಿ ಬಳ್ಳೊಳ್ಳಿ ಕಿಲೋಗೆ 400 ರೂಪಾಯಿ ದಾಟಿದಾಗ ಸಂತೆಯಲ್ಲಿ ನಾವೂ ಎಸಳು ಎಣಿಸಿ ಕೊಂಡೆವು. ದಪ್ಪ ಎಸಳಿನದು ಸುಲಿಯಲು ಸುಲಭ, ಜವಾರಿಯ ಸಣ್ಣ ಎಸಳಿಗೆ ಘಾಟು ಹೆಚ್ಚು. ಅಬ್ಬಾ ಇದ್ದಿದ್ದರೆ ಜವಾರಿಯೇ ಬೇಕೆನ್ನುತ್ತಿದ್ದರು, ಸುಲಿಯುವವರು ತಾವಾಗಿದ್ದರೂ. ಈಗ ಆಪಾಳಿಗೂ ಬಿಪಿ, ನಮಗೂ ಶುರುವಾಗಿದೆ. ಸೇಡಂನಿಂದ ದಿನಾ ಬೆಳಿಗ್ಗೆ ಆಪಾ ಫೋನು ಮಾಡುತ್ತಾಳೆ. ಸಲಾಮಿಗೂ ಮೊದಲು ಅವಳು ಕೇಳುವುದು, "ಗುಳಗಿ ತಗೊಂಡ್ರೇನು?" ತಗೊಂಡೆವು ಎಂದ ಮೇಲೆಯೇ ಇವತ್ತಿನ ಬ್ಯಾಳಿಗೆ ಎಷ್ಟು ಎಸಳು ಹಾಕುವುದೆಂಬ ಮಾತು.